ಪಾಳುಬಿದ್ದ ಕೀಟನಾಶಕ ಕಾರ್ಖಾನೆಯನ್ನು ತೆರವುಗೊಳಿಸುವವರು ತಿಳಿದಿರಬೇಕಾದ ಕ್ರಮ

ಮುಂಬೈ ಮತ್ತು ಪುಣೆಯ ಸುತ್ತಲಿನ ಎಂಐಡಿಸಿ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ) ಪ್ರದೇಶಗಳಲ್ಲಿ ವರ್ಷಗಟ್ಟಲೆ ಬೀಗ ಬಿದ್ದಿದ್ದ ಕಾರ್ಖಾನೆಯೊಂದು ಬ್ಯಾಂಕಿನ ಹರಾಜಿನಲ್ಲಿ ಕೈಬದಲಾದಾಗ ಹೊಸ ಮಾಲೀಕರು ಸಾಮಾನ್ಯವಾಗಿ ಮೊದಲು ಕರೆಯುವುದು ಭಂಗಾರ್ (ಗುಜರಿ) ವ್ಯಾಪಾರಿಯನ್ನು. ಶೆಡ್ಡಿನ ಕಬ್ಬಿಣ, ಟ್ಯಾಂಕು, ಮೋಟಾರು, ಖಾಲಿ ಡ್ರಮ್ಮುಗಳೆಲ್ಲ ಹಣವಾಗಿ ಕಾಣುತ್ತವೆ. ಮೂಲೆಯಲ್ಲಿ ಹರಿದು ಬಿದ್ದ ಚೀಲಗಳೂ ತುಕ್ಕು ಹಿಡಿದ ಪೀಪಾಯಿಗಳೂ ಬರಿಯ ಕಸವಾಗಿ ಕಾಣುತ್ತವೆ. ಆ ಕಾರ್ಖಾನೆ ಕೀಟನಾಶಕವನ್ನೋ ಕಳೆನಾಶಕವನ್ನೋ ಬೀಜೋಪಚಾರದ ಔಷಧವನ್ನೋ ತಯಾರಿಸುತ್ತಿದ್ದ ಘಟಕವಾಗಿದ್ದರೆ, ಅನಾಹುತ ಆರಂಭವಾಗುವುದು ಈ ನೋಟದಿಂದಲೇ. ಅಲ್ಲಿ ಕೂಲಿಗೆ ಬರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ನಮ್ಮ ಜನ ಇರುತ್ತಾರೆ. ಅವರನ್ನು ಕೂಲಿಕಾರರು ಸೇರುವ ನಾಕಾದಿಂದ ಕರೆತರುವ ಮುಕಾದಮರೂ ಸಣ್ಣ ಗುತ್ತಿಗೆದಾರರೂ ಎಷ್ಟೋ ಸಲ ಕನ್ನಡಿಗರೇ ಆಗಿರುತ್ತಾರೆ. ಈ ಪ್ರದೇಶಗಳಲ್ಲಿ ಸುರಕ್ಷತಾ ಅಧಿಕಾರಿಯಾಗಿ ಬಹುಕಾಲ ದುಡಿದ ನಾನು ಇದನ್ನು ಅವರನ್ನೇ ಉದ್ದೇಶಿಸಿ ಬರೆಯುತ್ತಿದ್ದೇನೆ. ತೆರವಿನ ಹೊಣೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ತಜ್ಞ ಸಂಸ್ಥೆಯದೇ ಆಗಿರಬೇಕು, ಇದನ್ನು ಓದಿಕೊಂಡು ಯಾರೂ ತಾವಾಗಿ ಒಂದು ಮುಚ್ಚಳವನ್ನೂ ತೆಗೆಯಬಾರದು. ಆದರೆ ಸರಿಯಾದ ಕ್ರಮ ಯಾವುದೆಂದು ಗೊತ್ತಿದ್ದ ಸೂಪರ್‌ವೈಸರನಿಗೆ ತಪ್ಪು ಕಣ್ಣಿಗೆ ಬಿದ್ದಾಗ ಕೆಲಸ ನಿಲ್ಲಿಸುವ ಧೈರ್ಯ ಬರುತ್ತದೆ.

ಮುಟ್ಟುವ ಮುನ್ನ

ಮೊದಲ ದಿನ ಮಾಡಬೇಕಾದದ್ದು ಒಂದೇ: ಒಳಗಿನಿಂದ ಏನೂ ಹೊರಗೆ ಹೋಗದಂತೆ, ಹೊರಗಿನಿಂದ ಯಾರೂ ಒಳಗೆ ಬಾರದಂತೆ ಗೇಟು ಮುಚ್ಚಿ ಕಾವಲು ಹಾಕುವುದು. ಭಂಗಾರ್ ಕೆಲಸ ನಡೆಯುತ್ತಿದ್ದರೆ ಅದನ್ನು ಆ ಗಳಿಗೆಯಲ್ಲೇ ನಿಲ್ಲಿಸಬೇಕು. ಗೋಡೆ ಒಡೆದಿದ್ದರೆ ದನ, ನಾಯಿ, ಮಕ್ಕಳು ನುಗ್ಗದಂತೆ ಬೇಲಿ ಕಟ್ಟಬೇಕು. ಬಳಿಕ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ, ಕಾರ್ಖಾನೆಗಳ ಸುರಕ್ಷತೆ ಮತ್ತು ಆರೋಗ್ಯ ನೋಡಿಕೊಳ್ಳುವ ನಿರ್ದೇಶನಾಲಯ, ಎಂಐಡಿಸಿಯ ಅಗ್ನಿಶಾಮಕ ಠಾಣೆ ಈ ಮೂರಕ್ಕೂ ಲಿಖಿತವಾಗಿ ತಿಳಿಸಬೇಕು. ಗೋವಾದಲ್ಲಿ ಅಲ್ಲಿನ ರಾಜ್ಯ ಮಂಡಳಿಗೆ ತಿಳಿಸಬೇಕು. ಬಾಯಿಮಾತಿನ ಸೂಚನೆಗೆ ಬೆಲೆಯಿಲ್ಲ, ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿಯನ್ನು ಜೋಪಾನವಾಗಿಡಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಇಂಥ ತ್ಯಾಜ್ಯದ ಸಂಗ್ರಹ, ಸಾಗಣೆ ಮತ್ತು ವಿಲೇವಾರಿಗೆ ಅನ್ವಯಿಸುತ್ತವೆ. ಮಣ್ಣು ಮತ್ತು ಅಂತರ್ಜಲ ಕೆಟ್ಟಿರುವ ಜಾಗಗಳನ್ನು ಗುರುತಿಸಿ ಶುದ್ಧೀಕರಿಸುವುದಕ್ಕಾಗಿ ಕೇಂದ್ರ ಸರ್ಕಾರವು 2025ರ ಜುಲೈಯಲ್ಲಿ ಪ್ರತ್ಯೇಕ ನಿಯಮಗಳನ್ನೇ ಹೊರಡಿಸಿದೆ.

ಎರಡನೆಯ ಕೆಲಸ ಕಾಗದಗಳನ್ನು ಹುಡುಕುವುದು. ಕಚೇರಿಯ ಕಪಾಟಿನಲ್ಲಿ ಗೆದ್ದಲು ಹಿಡಿದ ಸ್ಟಾಕ್ ರಿಜಿಸ್ಟರು, 1968ರ ಕೀಟನಾಶಕ ಕಾಯಿದೆಯಡಿ ಪಡೆದ ತಯಾರಿಕಾ ಪರವಾನಗಿ, ಕಚ್ಚಾ ಸಾಮಗ್ರಿಯ ಬಿಲ್ಲು, ಮಂಡಳಿಗೆ ಕೊಟ್ಟ ಹಳೆಯ ವಾರ್ಷಿಕ ವರದಿ, ಇವುಗಳಲ್ಲಿ ಒಂದೊಂದೂ ಹತ್ತು ಡ್ರಮ್ಮುಗಳನ್ನು ತೆರೆದು ನೋಡುವ ಅಪಾಯವನ್ನು ತಪ್ಪಿಸಬಲ್ಲದು. ಕಾಗದಕ್ಕಿಂತಲೂ ಹೆಚ್ಚು ನಂಬಬಹುದಾದದ್ದು ಅಲ್ಲಿ ದುಡಿದವರ ನೆನಪು. ನಾನು ನೋಡಿದ ಒಂದು ಘಟಕದಲ್ಲಿ ನಕ್ಷೆಯಲ್ಲಿಲ್ಲದ ಎರಡು ಗುಂಡಿಗಳು ಬಾಯ್ಲರಿನ ಹಿಂದೆ ಇದ್ದವು. ಕೆಟ್ಟುಹೋದ ಬ್ಯಾಚುಗಳನ್ನು ರಾತ್ರಿ ಪಾಳಿಯಲ್ಲಿ ಅಲ್ಲಿ ಸುರಿದು ಮಣ್ಣು ಮುಚ್ಚುತ್ತಿದ್ದರೆಂದು ಹೇಳಿದವರು ಸಮೀಪದ ವಸತಿಯಲ್ಲಿಯೇ ನೆಲೆಸಿದ್ದ ಒಬ್ಬ ನಿವೃತ್ತ ಆಪರೇಟರು. ಅವರು ಕೈತೋರಿಸಿರದಿದ್ದರೆ ಜೆಸಿಬಿಯ ಮೊದಲ ಹಲ್ಲು ಬೀಳುತ್ತಿದ್ದದ್ದು ಅಲ್ಲಿಯೇ. ಆದ್ದರಿಂದ ಹಳೆಯ ಕಾರ್ಮಿಕರನ್ನು ಹುಡುಕಿ, ಗೌರವದಿಂದ ಕೂರಿಸಿ, ಯಾವ ವರ್ಷ ಯಾವ ಮಾಲು ತಯಾರಾಗುತ್ತಿತ್ತು, ತೊಳೆದ ನೀರು ಯಾವ ಗಟಾರದಲ್ಲಿ ಹರಿಯುತ್ತಿತ್ತು, ಬೆಂಕಿ ಬಿದ್ದದ್ದು ಎಲ್ಲಿ, ಹೂಳಿದ್ದು ಎಲ್ಲಿ ಎಂಬುದನ್ನು ಕೇಳಿ ಬರೆದುಕೊಳ್ಳಬೇಕು.

ವರ್ಷವನ್ನು ಕೇಳುವುದಕ್ಕೆ ಕಾರಣವಿದೆ. ಬಿಎಚ್‌ಸಿ ಎಂಬ ಕೀಟನಾಶಕ ಪುಡಿಯನ್ನು ಭಾರತದಲ್ಲಿ 1997ರ ಏಪ್ರಿಲ್ 1ರಿಂದ ನಿಷೇಧಿಸಲಾಯಿತು. ಎಂಡೋಸಲ್ಫಾನ್ ಮೇಲೆ ಸುಪ್ರೀಂ ಕೋರ್ಟು 2011ರ ಮೇ 13ರಂದು ತಡೆ ವಿಧಿಸಿತು. ಆ ದಿನಾಂಕಗಳಿಗಿಂತ ಮೊದಲೇ ಮುಚ್ಚಿದ ಘಟಕವಾಗಿದ್ದರೆ, ಇಂದು ಅಂಗಡಿಯಲ್ಲಿ ಹೆಸರು ಕೇಳಲೂ ಸಿಗದ ವಿಷಗಳು ಅಲ್ಲಿ ಹಾಗೆಯೇ ಕುಳಿತಿರಬಹುದು. ಇವು ಹತ್ತಿಪ್ಪತ್ತು ವರ್ಷಗಳಲ್ಲಿ ತಾವಾಗಿ ಸತ್ವ ಕಳೆದುಕೊಳ್ಳುವ ವಸ್ತುಗಳಲ್ಲ. ಬೆಳ್ತಂಗಡಿಯ ಕೊಕ್ಕಡ, ನಿಡ್ಲೆಯ ಮನೆಗಳ ಸ್ಥಿತಿಯನ್ನು ಬಲ್ಲ ಕನ್ನಡಿಗರಿಗೆ ಎಂಡೋಸಲ್ಫಾನ್ ಏನೆಂದು ನಾನು ವಿವರಿಸಬೇಕಾಗಿಲ್ಲ.

ಮೊದಲ ಸುತ್ತು ಮತ್ತು ಪಟ್ಟಿ

ಒಳಗಿನ ಮೊದಲ ಸುತ್ತನ್ನು ಇಬ್ಬರು ಜೊತೆಯಾಗಿ, ಮೂರನೆಯವರೊಬ್ಬರು ಹೊರಗೆ ನಿಂತು ನೋಡುತ್ತಿರುವಾಗ, ಏನನ್ನೂ ಮುಟ್ಟದೆ ಮಾಡಬೇಕು. ಆಮ್ಲಜನಕ, ಉರಿಯುವ ಆವಿ ಮತ್ತು ವಿಷಾನಿಲಗಳನ್ನು ಅಳೆಯುವ ಮೀಟರು ಮುಂದೆ, ಮನುಷ್ಯ ಹಿಂದೆ. ಮೂಗನ್ನು ಮೀಟರಾಗಿ ಬಳಸುವ ಹಳೆಯ ಅಭ್ಯಾಸವನ್ನು ಬಿಡಬೇಕು. ವಾಸನೆ ಬಾರದ ಮಟ್ಟದಲ್ಲೂ ಕೊಲ್ಲುವ ಅನಿಲಗಳಿವೆ, ವಾಸನೆಗೆ ಮೂಗು ಬೇಗನೆ ಒಗ್ಗಿಬಿಡುವುದೂ ಉಂಟು. ಪ್ರತಿಯೊಂದು ಡ್ರಮ್ಮು, ಚೀಲ, ಕ್ಯಾನು, ಟ್ಯಾಂಕಿನ ಚಿತ್ರ ತೆಗೆದು, ಸಂಖ್ಯೆ ಕೊಟ್ಟು, ಅದು ಇರುವ ಜಾಗವನ್ನು ನಕ್ಷೆಯಲ್ಲಿ ಗುರುತಿಸಬೇಕು. ಲೇಬಲ್ಲಿನಲ್ಲಿ ಬ್ರ್ಯಾಂಡ್ ಹೆಸರಿಗಿಂತ ಮುಖ್ಯವಾದದ್ದು ಸಕ್ರಿಯ ಘಟಕದ ಹೆಸರು. ಅದು ಅಳಿಸಿಹೋಗಿದ್ದರೂ ಚೌಕದೊಳಗಿನ ಬಣ್ಣ ಉಳಿದಿರಬಹುದು: ಕೆಂಪು ಅತಿ ತೀವ್ರ ವಿಷ, ಹಳದಿ ತೀವ್ರ ವಿಷ, ನೀಲಿ ಮಧ್ಯಮ, ಹಸಿರು ಅಲ್ಪ. ಹಸಿರು ಕಂಡಿತೆಂದು ನಿರಾಳವಾಗಬಾರದು, ಏಕೆಂದರೆ ಆ ಬಣ್ಣ ಹೊಲದಲ್ಲಿ ನೀರು ಬೆರೆಸಿ ಸಿಂಪಡಿಸುವ ರೈತನಿಗಾಗಿ ಕೊಟ್ಟದ್ದು, ಇಪ್ಪತ್ತು ವರ್ಷ ಕೊಳೆತ 200 ಲೀಟರಿನ ಡ್ರಮ್ಮನ್ನು ಎತ್ತುವವನಿಗಾಗಿ ಅಲ್ಲ.

ಪಟ್ಟಿಯಾದ ಮೇಲೆ ಯಾವುದರ ಪಕ್ಕದಲ್ಲಿ ಯಾವುದು ಇರಬಾರದೆಂಬುದನ್ನು ನಿರ್ಧರಿಸಬೇಕು. ಇಲ್ಲಿ ಅವಸರಪಟ್ಟವರು ಬದುಕಿ ಉಳಿದರೂ ಕಾರ್ಖಾನೆ ಉಳಿಯುವುದಿಲ್ಲ. ಮೊದಲಿಗೆ ಹುಡುಕಬೇಕಾದದ್ದು ಅಲ್ಯೂಮಿನಿಯಂ ಫಾಸ್ಫೈಡ್, ಅಂದರೆ ಧಾನ್ಯದ ಗೋದಾಮಿನಲ್ಲಿ ಹುಳು ಕೊಲ್ಲಲು ಇಡುವ ಗುಳಿಗೆ. ಗಾಳಿಯ ತೇವ ತಗುಲಿದರೂ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ನೀರು ಬಿದ್ದರೆ ಆ ಅನಿಲ ಒಮ್ಮೆಲೇ ಹೆಚ್ಚಾಗಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಆ ಮೂಲೆಯಲ್ಲಿ ನೀರಿನ ಪೈಪು ಬಿಡುವಂತಿಲ್ಲ, ಸೋರುವ ಶೀಟಿನ ಕೆಳಗೆ ಅದನ್ನು ಇಡುವಂತಿಲ್ಲ. ಕೊಂಕಣದ ಮಳೆಗಾಲದಲ್ಲಿ ಇದೊಂದೇ ಕಾರಣಕ್ಕೆ ಇಡೀ ಕೆಲಸವನ್ನು ಮುಂದೂಡಬೇಕಾಗಿ ಬಂದರೂ ತಪ್ಪಲ್ಲ. ಎರಡನೆಯದು ಕಳೆನಾಶಕಕ್ಕೆ ಬಳಸುತ್ತಿದ್ದ ಕ್ಲೋರೇಟ್ ಲವಣಗಳು. ಅವು ತಾವು ಉರಿಯದಿದ್ದರೂ ಪಕ್ಕದ ಎಣ್ಣೆ, ಗೋಣಿ, ಗಂಧಕದ ಪುಡಿ, ಮರದ ಹೊಟ್ಟು ಯಾವುದನ್ನಾದರೂ ಉರಿಸಿಬಿಡುತ್ತವೆ, ಆದ್ದರಿಂದ ಅವು ಚೆಲ್ಲಿದಲ್ಲಿ ಹೀರಿಸಲು ಮರದ ಹೊಟ್ಟು ಹಾಕಲೇಬಾರದು. ಮೂರನೆಯದು ಡಬ್ಬಿಯ ಮೇಲೆ ಇಸಿ (ನೀರಿಗೆ ಬೆರೆಸಿ ಬಳಸುವ ಸಾಂದ್ರ ದ್ರವ) ಎಂದು ಬರೆದ ದ್ರವಗಳು. ಇವುಗಳಲ್ಲಿ ವಿಷಕ್ಕಿಂತ ಹೆಚ್ಚಿನ ಪಾಲು ಕ್ಸೈಲೀನ್‌ನಂಥ ದ್ರಾವಕ ಇರುವುದುಂಟು. ಅರ್ಧ ಖಾಲಿಯಾದ ಡ್ರಮ್ಮಿನೊಳಗೆ ತುಂಬಿರುವುದು ಸಿಡಿಯಬಲ್ಲ ಆವಿ. ಭಂಗಾರ್‌ನವರು ಟ್ಯಾಂಕಿಗೆ ಗ್ಯಾಸ್ ಕಟರ್ ಹಿಡಿದಾಗ ಆಗುವ ಸ್ಫೋಟಗಳ ಹಿಂದಿರುವುದು ಇಂಥ ಆವಿಯೇ. ಬೀಜೋಪಚಾರದ ಹಳೆಯ ಪುಡಿಗಳಲ್ಲಿ ಪಾದರಸದ ಸಂಯುಕ್ತಗಳಿರಬಹುದಾದ್ದರಿಂದ ಅವುಗಳನ್ನು ಸುಡಲು ಹೋಗುವ ರಾಶಿಯಲ್ಲಿ ಸೇರಿಸದೆ ಬೇರೆಯಾಗಿ ಇಡಬೇಕು. ಉಬ್ಬಿದ ಡ್ರಮ್ಮು, ಮುಚ್ಚಳದ ಸುತ್ತ ಹರಳುಗಟ್ಟಿದ ಕ್ಯಾನು, ಯಾವ ಗುರುತೂ ಇಲ್ಲದ ಪಾತ್ರೆ, ಇವುಗಳನ್ನು ಅಲ್ಲಾಡಿಸದೆ ಹಗ್ಗ ಕಟ್ಟಿ ಬಿಟ್ಟು ತಜ್ಞರು ಬರುವವರೆಗೆ ಕಾಯಬೇಕು.

ಹಳೆಯ ಕಟ್ಟಡವೂ ತ್ಯಾಜ್ಯವೇ. ಚಾವಣಿಯ ಶೀಟು ಆಸ್ಬೆಸ್ಟಾಸಾಗಿದ್ದರೆ ಒಡೆಯದೆ, ನೀರು ಚಿಮುಕಿಸಿ, ಇಡಿಯಾಗಿ ಇಳಿಸಬೇಕು; ಕೆಳಗೆ ಫಾಸ್ಫೈಡ್ ಇಲ್ಲವೆಂದು ಖಚಿತವಾದ ಮೇಲಷ್ಟೇ ನೀರು. ಹಳೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆಯಲ್ಲಿ ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ವಿಷಕಾರಿ ರಾಸಾಯನಿಕ) ಇದೆಯೇ ಎಂದು ಪರೀಕ್ಷಿಸದೆ ಅದನ್ನು ಮಾರುವಂತಿಲ್ಲ. ಪಿಸಿಬಿ ಬಳಕೆಯನ್ನು 2025ರ ಡಿಸೆಂಬರ್ 31ರೊಳಗೆ ಪೂರ್ತಿ ಕೊನೆಗಾಣಿಸಬೇಕೆಂದು ಕೇಂದ್ರ ಸರ್ಕಾರದ 2016ರ ಆದೇಶವೇ ಹೇಳಿತ್ತು.

ಕಾಲ, ಗಾಳಿ, ಉಡುಪು

ನಮ್ಮ ಕಡೆ ಈ ಕೆಲಸಕ್ಕೆ ತಕ್ಕ ಕಾಲ ನವೆಂಬರಿನಿಂದ ಫೆಬ್ರವರಿ. ಮಾರ್ಚಿನಿಂದಾಚೆಗೆ ಬಿಸಿಲಿಗೆ ಆವಿ ಹೆಚ್ಚುತ್ತದೆ, ರಬ್ಬರು ಉಡುಪಿನೊಳಗೆ ಮನುಷ್ಯ ಬೇಯುತ್ತಾನೆ. ಜೂನ್ ಬಂತೆಂದರೆ ಅಂಗಳದಲ್ಲಿ ಬಿಚ್ಚಿಟ್ಟದ್ದೆಲ್ಲ ನಾಲಾ ಸೇರುತ್ತದೆ. ಮೇ ತಿಂಗಳೊಳಗೆ ಮುಗಿಯದೆಂದು ಕಂಡರೆ ಆರಂಭಿಸಿದ್ದನ್ನು ಭದ್ರವಾಗಿ ಕಟ್ಟಿ ಮುಚ್ಚಿ, ಉಳಿದದ್ದನ್ನು ಮುಂದಿನ ಚಳಿಗಾಲಕ್ಕೆ ಬಿಡುವುದು ಲೇಸು.

ಜಾಗವನ್ನು ಮೂರು ವಲಯವಾಗಿ ಹಗ್ಗ ಹಾಕಿ ವಿಂಗಡಿಸಬೇಕು: ವಿಷ ಇರುವ ಒಳವಲಯ, ಉಡುಪು ತೊಳೆದು ಕಳಚುವ ನಡುವಲಯ, ಊಟ ಮತ್ತು ವಿಶ್ರಾಂತಿಯ ಹೊರವಲಯ. ಹೊರವಲಯ ಯಾವಾಗಲೂ ಗಾಳಿ ಬೀಸಿ ಬರುವ ದಿಕ್ಕಿನಲ್ಲಿರಬೇಕು. ಮುಂಬೈ ಮತ್ತು ಗೋವಾದ ಕರಾವಳಿಯಲ್ಲಿ ಚಳಿಗಾಲದ ಬೆಳಿಗ್ಗೆ ನೆಲದ ಕಡೆಯಿಂದ ಬೀಸುವ ಗಾಳಿ ಮಧ್ಯಾಹ್ನದ ಹೊತ್ತಿಗೆ ತಿರುಗಿ ಸಮುದ್ರದ ಕಡೆಯಿಂದ ಬೀಸತೊಡಗುವುದರಿಂದ, ಬೆಳಿಗ್ಗೆ ಸುರಕ್ಷಿತವಾಗಿದ್ದ ಊಟದ ಜಾಗ ಮೂರು ಗಂಟೆಗೆ ವಿಷದ ದಾರಿಯಲ್ಲಿರಬಹುದು. ಎತ್ತರದ ಕೋಲಿಗೆ ಒಂದು ಬಟ್ಟೆಯ ಪಟ್ಟಿ ಕಟ್ಟಿದರೆ ಎಲ್ಲರಿಗೂ ಅದು ಕಾಣುತ್ತದೆ.

ಮುಖಕ್ಕೆ ಕರವಸ್ತ್ರ ಕಟ್ಟಿಕೊಳ್ಳುವುದು ರಕ್ಷಣೆಯಲ್ಲ. ಸಾವಯವ ಆವಿ ಮತ್ತು ದೂಳು ಎರಡನ್ನೂ ತಡೆಯುವ ಕಾರ್ಟ್ರಿಜ್ ಇರುವ ಮುಖಕವಚ, ಉದ್ದ ತೋಳಿನ ನೈಟ್ರೈಲ್ ಕೈಗವಸು, ಗಮ್ ಬೂಟು, ರಾಸಾಯನಿಕ ತಡೆಯುವ ಮೈಗವಸು ಇವು ಕನಿಷ್ಠ. ಚರ್ಮದ ಬೂಟು ಮತ್ತು ಬಟ್ಟೆಯ ಕೈಗವಸು ವಿಷವನ್ನು ಹೀರಿಕೊಂಡು ದಿನವಿಡೀ ಮೈಗೆ ಉಣಿಸುತ್ತವೆ. ಕೀಟನಾಶಕದ ಬಹುಪಾಲು ದೇಹ ಸೇರುವುದು ಚರ್ಮದ ಮೂಲಕ ಎಂಬುದನ್ನು ಕಾರ್ಮಿಕರಿಗೆ ಅವರ ಮಾತಿನಲ್ಲಿಯೇ ಹೇಳಬೇಕು. ಅರ್ಧ ಗಂಟೆ ಕೆಲಸ, ಬಳಿಕ ತೊಳೆದುಕೊಂಡು ನೆರಳಿನಲ್ಲಿ ನೀರು ಮತ್ತು ವಿಶ್ರಾಂತಿ. ತಂಬಾಕು, ಬೀಡಿ, ಸುಣ್ಣದ ಡಬ್ಬಿ ಗೇಟಿನಲ್ಲೇ ಉಳಿಯಬೇಕು.

ಕಾರ್ಟ್ರಿಜ್ ಮುಖಕವಚ ಆಮ್ಲಜನಕವನ್ನು ಕೊಡುವುದಿಲ್ಲ. ನೆಲದಡಿಯ ಟ್ಯಾಂಕು, ತ್ಯಾಜ್ಯನೀರಿನ ಸಂಪು, ಆಳದ ಗಟಾರ ಇವುಗಳಲ್ಲಿ ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇದ್ದರೆ ಅದನ್ನು ತೊಟ್ಟವನೂ ಕುಸಿಯುತ್ತಾನೆ. ಅವನನ್ನು ಎತ್ತಲು ಹಾರಿದ ಅಣ್ಣನೋ ಗೆಳೆಯನೋ ಅಲ್ಲಿಯೇ ಸಾಯುತ್ತಾನೆ, ಅವನ ಹಿಂದೆ ಮೂರನೆಯವನು. ಈ ಸುದ್ದಿಯನ್ನು ನಾವು ಪ್ರತಿ ವರ್ಷವೂ ಓದುತ್ತಿದ್ದೇವೆ. ಅನುಮತಿ ಪತ್ರ, ಗಾಳಿಯ ಅಳತೆ, ಸೊಂಟಕ್ಕೆ ಹಗ್ಗ, ಮೇಲೆ ತಿರುಗುಗಾಲಿ, ಸ್ವತಂತ್ರ ಗಾಳಿಯ ಸಿಲಿಂಡರು, ಇವು ಐದೂ ಇಲ್ಲದೆ ಯಾರನ್ನೂ ಕೆಳಗಿಳಿಸಬಾರದು. ಇಳಿಸು ಎಂದು ಹೇಳಿದವರು ಯಾರೇ ಆಗಿರಲಿ, ಇಲ್ಲ ಎನ್ನಬೇಕು.

ತುಂಬುವುದು

ಸೋರುವ ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವುದಕ್ಕಿಂತ, ಸೋರುವ ಪಾತ್ರೆಯನ್ನೇ ಇನ್ನೂ ದೊಡ್ಡ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಡ್ರಮ್ಮಿನೊಳಗೆ ಇಳಿಸಿ ಮುಚ್ಚುವುದು ಬಹುತೇಕ ಸಂದರ್ಭಗಳಲ್ಲಿ ಸುರಕ್ಷಿತ. ಅದಕ್ಕೂ ಮುನ್ನ ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಸುತ್ತ ಅಡ್ಡಗಟ್ಟೆ ಕಟ್ಟಬೇಕು. ಅಲ್ಲಿರುವ ಅತಿ ದೊಡ್ಡ ಪಾತ್ರೆ ಪೂರ್ತಿ ಒಡೆದರೂ ಕಟ್ಟೆ ತುಂಬಿ ಹರಿಯದಂತೆ ಅದರ ಅಳತೆಗಿಂತ ಶೇ. 10ರಷ್ಟು ಹೆಚ್ಚು ಹಿಡಿಸಬೇಕು. ಕಿಡಿ ಹಾರದ ಹಿತ್ತಾಳೆ ಸಲಕರಣೆ, ಆವಿಗೆ ಸುರಕ್ಷಿತವಾದ ಟಾರ್ಚು, ಕೈಯಲ್ಲಿ ಉರುಳಿಸದೆ ಡ್ರಮ್ ಟ್ರಾಲಿ. ಚೆಲ್ಲಿದ ದ್ರವವನ್ನು ಒಣ ಮರಳಿನಿಂದ ಹೀರಿಸಿ, ಆ ಮರಳನ್ನೂ ಡ್ರಮ್ಮಿಗೆ ತುಂಬಬೇಕು. ಪುಡಿಯನ್ನು ಒಣ ಪೊರಕೆಯಿಂದ ಗುಡಿಸಬಾರದು, ನೀರು ಹೊಡೆದು ಗಟಾರಕ್ಕೆ ತಳ್ಳಬಾರದು. ಸೂಕ್ಷ್ಮ ಸೋಸುಕವಿರುವ ಕೈಗಾರಿಕಾ ವ್ಯಾಕ್ಯೂಮ್ ಇದಕ್ಕೆಂದೇ ಬಾಡಿಗೆಗೆ ಸಿಗುತ್ತದೆ. ಕೆಲಸಗಾರರು ಮೈ ಮತ್ತು ಉಡುಪು ತೊಳೆದ ನೀರೂ ವಿಷವೇ, ಅದನ್ನೂ ಟ್ಯಾಂಕಿಯಲ್ಲಿ ಹಿಡಿದಿಡಬೇಕು.

ಖಾಲಿ ಡ್ರಮ್ಮಿನ ವಿಷಯದಲ್ಲಿ ನಾನು ಯಾವ ರಾಜಿಗೂ ಒಪ್ಪುವುದಿಲ್ಲ. ನಮ್ಮ ಚಾಳುಗಳಲ್ಲಿ ನೀರು ಹಿಡಿದಿಡುವ ನೀಲಿ ಡ್ರಮ್ಮು ಎಲ್ಲಿಂದ ಬರುತ್ತದೆಂದು ಕೊಳ್ಳುವವರು ಕೇಳುವುದಿಲ್ಲ, ಮಾರುವವರು ಹೇಳುವುದಿಲ್ಲ. ಪ್ಲಾಸ್ಟಿಕ್ಕಿನ ಗೋಡೆಯೊಳಕ್ಕೆ ಇಳಿದ ಕೀಟನಾಶಕ ಎಷ್ಟು ಸೋಪು ಹಾಕಿ ತೊಳೆದರೂ ಪೂರ್ತಿ ಹೋಗುವುದಿಲ್ಲ, ಅದು ದಿನದಿನವೂ ಕುಡಿಯುವ ನೀರಿಗೆ ಇಳಿಯುತ್ತಿರುತ್ತದೆ. 2016ರ ನಿಯಮಗಳ ಮೊದಲ ಅನುಸೂಚಿಯಲ್ಲಿ ಇಂಥ ಖಾಲಿ ಪಾತ್ರೆಗಳೂ ಅಪಾಯಕಾರಿ ತ್ಯಾಜ್ಯವೆಂದೇ 33.1ರ ಅಡಿ ನಮೂದಾಗಿವೆ. ಒಳಗೆ ಉರಿಯುವ ಆವಿ ಇಲ್ಲವೆಂದು ಮೀಟರು ತೋರಿದ ಮೇಲೆ ಪ್ರತಿಯೊಂದಕ್ಕೂ ಮರುಬಳಕೆಯಾಗದಂತೆ ತೂತು ಹೊಡೆದು, ಎಣಿಸಿ, ಬರೆದು, ಅಧಿಕೃತ ಕೇಂದ್ರಕ್ಕೆ ಕಳಿಸಬೇಕು.

ಸಾಗಣೆ, ಸುಡುವುದು, ಹೂಳುವುದು

ಮುಂಬೈ ಕಡೆಯ ತ್ಯಾಜ್ಯಕ್ಕೆ ತಲೋಜಾದಲ್ಲಿ, ಪುಣೆ ಕಡೆಯದಕ್ಕೆ ರಾಂಜಣಗಾಂವದಲ್ಲಿ ಅಧಿಕೃತ ಸಾಮೂಹಿಕ ವಿಲೇವಾರಿ ಕೇಂದ್ರಗಳಿವೆ. ಅವು ಮಾದರಿಯನ್ನು ಪರೀಕ್ಷಿಸದೆ ಮಾಲು ಸ್ವೀಕರಿಸುವುದಿಲ್ಲ. ಹಾಗಾಗಿ ಮೊದಲೇ ಮಾಡಿಟ್ಟ ಪಟ್ಟಿ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಕೀಟನಾಶಕವನ್ನು ಅಂಗಳದಲ್ಲಿ ಸುಟ್ಟರೆ ಅಥವಾ ಬಾಯ್ಲರಿಗೆ ಹಾಕಿದರೆ ಕ್ಲೋರಿನ್ ಇರುವ ವಿಷಗಳಿಂದ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಇಂಥದ್ದಕ್ಕೆ ಬೇಕಾದದ್ದು ಎರಡನೆಯ ಕೋಣೆಯಲ್ಲಿ 1,100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅನಿಲವನ್ನು ಕನಿಷ್ಠ 2 ಸೆಕೆಂಡು ಹಿಡಿದಿಡುವ ಭಸ್ಮೀಕರಣ ಘಟಕ. ಪ್ರತಿ ಲಾರಿಯೊಂದಿಗೆ ಏಳು ಪ್ರತಿಗಳ 10ನೇ ನಮೂನೆಯ ರವಾನೆ ಪತ್ರ ಹೋಗಬೇಕು. ಹಳದಿ ಪ್ರತಿ ಕಳಿಸಿದವರ ಬಳಿ ಉಳಿಯುತ್ತದೆ, ನೀಲಿ ಪ್ರತಿ ಕೇಂದ್ರದಿಂದ ತೂಕ ಬರೆದು ಹಿಂತಿರುಗುತ್ತದೆ. ಈ ಎರಡರ ತೂಕ ತಾಳೆಯಾಗದಿದ್ದರೆ ನಡುದಾರಿಯಲ್ಲಿ ಏನೋ ಇಳಿದಿದೆ ಎಂದರ್ಥ, ಆ ದಿನವೇ ಮಂಡಳಿಗೆ ಬರೆಯಬೇಕು. ಚಾಲಕನ ಕೈಯಲ್ಲಿ ಅವನಿಗೆ ಓದಲು ಬರುವ ಭಾಷೆಯ ತುರ್ತು ಸೂಚನಾ ಪತ್ರವಿರಬೇಕು.

ಡ್ರಮ್ಮುಗಳು ಹೋದ ಮಾತ್ರಕ್ಕೆ ಜಾಗ ಶುದ್ಧವಾಗುವುದಿಲ್ಲ. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಅಂಗಳದಲ್ಲಿ ಉಳಿದಿದ್ದ 337 ಟನ್ ತ್ಯಾಜ್ಯ 12 ಮುಚ್ಚಿದ ಕಂಟೇನರುಗಳಲ್ಲಿ ಪೀಥಂಪುರಕ್ಕೆ ಹೊರಟದ್ದು 2025ರ ಜನವರಿ 1ರ ರಾತ್ರಿ, 1984ರ ಡಿಸೆಂಬರಿನ ಅನಿಲ ದುರಂತವಾಗಿ ನಲವತ್ತು ವರ್ಷಗಳಾದ ಮೇಲೆ. ಅದನ್ನು ಆ ವರ್ಷದ ಜೂನ್ ಕೊನೆಯ ಹೊತ್ತಿಗೆ ಸುಟ್ಟು ಮುಗಿಸಿದರೂ, ಕಾರ್ಖಾನೆಯ ಸುತ್ತಲಿನ ಮಣ್ಣು ಮತ್ತು ಅಂತರ್ಜಲಕ್ಕೆ ಇಳಿದ ವಿಷ ಆ ಕಂಟೇನರುಗಳಲ್ಲಿ ಹೋಗಲಿಲ್ಲ. ನಮ್ಮ ಜಾಗದಲ್ಲಿಯೂ ಮಣ್ಣಿನ ಮಾದರಿಯನ್ನು ಮೇಲ್ಪದರದಿಂದ ಹಾಗೂ ಆಳದಿಂದ ಬೇರೆ ಬೇರೆಯಾಗಿ, ಗಾಜಿನ ಜಾಡಿಯಲ್ಲಿ, ತಂಪಿನಲ್ಲಿಟ್ಟು, ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಒಯ್ಯಬೇಕು. ಹೋಲಿಕೆಗಾಗಿ ಇಳಿಜಾರಿನ ಮೇಲ್ಭಾಗದ ಕೆಡದ ಮಣ್ಣಿನದೂ ಒಂದು ಬೇಕು. ಪುಣೆ ಕಡೆಯ ಕಪ್ಪು ಬಸಾಲ್ಟ್ ಬಂಡೆಯಲ್ಲಿ ನೀರು ಬಿರುಕುಗಳ ಜಾಡು ಹಿಡಿದು ಹರಿಯುವುದರಿಂದ ಪಕ್ಕದ ಬಾವಿ ಚೆನ್ನಾಗಿದ್ದು ಅರ್ಧ ಕಿಲೋಮೀಟರು ಆಚೆಯ ಬೋರ್‌ವೆಲ್ ಕೆಟ್ಟಿರಬಹುದು. ಗೋವಾ, ರತ್ನಾಗಿರಿಯ ಜಂಬಿಟ್ಟಿಗೆಯ ನೆಲದಲ್ಲಿ ರಂಧ್ರಗಳ ಮೂಲಕ ನೀರು ಬೇಗ ಇಳಿಯುತ್ತದೆ. ಸುತ್ತಲಿನ ಬಾವಿಗಳನ್ನು ಒಂದು ಸಲವಲ್ಲ, ಮಳೆಗಾಲದ ಮೊದಲು ಮತ್ತು ನಂತರ, ಕೆಲವು ವರ್ಷಗಳ ಕಾಲ ಪರೀಕ್ಷಿಸುತ್ತಿರಬೇಕು. ಕೆಟ್ಟ ಮಣ್ಣನ್ನು ಅಗೆದು ಕಳಿಸಬೇಕೋ, ಅಲ್ಲಿಯೇ ಮುಚ್ಚಿ ಹೊದಿಸಬೇಕೋ ಎಂಬುದು ಆ ಅಂಕಿಗಳನ್ನು ನೋಡಿದ ಮೇಲಿನ ನಿರ್ಧಾರ.

ದುಡಿದವರ ದೇಹ

ಕೆಲಸ ಆರಂಭವಾಗುವ ಮೊದಲೇ ಪ್ರತಿಯೊಬ್ಬರ ರಕ್ತದ ಕೋಲಿನೆಸ್ಟರೇಸ್ (ಕೆಲವು ಕೀಟನಾಶಕಗಳು ಕುಂದಿಸುವ, ನರಗಳಿಗೆ ಬೇಕಾದ ಕಿಣ್ವ) ಪರೀಕ್ಷೆ ಆಗಿರಬೇಕು, ಏಕೆಂದರೆ ಆ ಮೂಲ ಅಂಕಿ ಇಲ್ಲದಿದ್ದರೆ ನಂತರದ ಅಂಕಿಗೆ ಅರ್ಥವಿಲ್ಲ. ಕೆಂಪು ರಕ್ತಕಣದಲ್ಲಿನ ಕೋಲಿನೆಸ್ಟರೇಸ್ ಮಟ್ಟ ಮೂಲ ಅಂಕಿಗಿಂತ ಶೇ. 20ರಷ್ಟು ಇಳಿದರೆ ಕೆಲಸದ ರೀತಿಯನ್ನು ಪರಿಶೀಲಿಸಬೇಕು, ಶೇ. 30 ಇಳಿದರೆ ಅವರನ್ನು ಚೇತರಿಸುವವರೆಗೆ ದೂರವಿಡಬೇಕು, ಆ ದಿನಗಳ ಕೂಲಿಯನ್ನೂ ಕೊಡಬೇಕು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಜೊಲ್ಲು, ಬೆವರು, ಸ್ನಾಯು ಅದುರುವುದು ಕಂಡರೆ ಬಟ್ಟೆ ಕಳಚಿ ಸೋಪು ನೀರಿನಿಂದ ತೊಳೆದು ಆಸ್ಪತ್ರೆಗೆ ಒಯ್ಯಬೇಕು. ವಾಂತಿ ಮಾಡಿಸಬಾರದು, ಹಾಲು, ತುಪ್ಪ, ಎಣ್ಣೆ ಕುಡಿಸಬಾರದು. ಹತ್ತಿರದ ಆಸ್ಪತ್ರೆಯಲ್ಲಿ ಅಟ್ರೋಪಿನ್ ಎಂಬ ಪ್ರತಿವಿಷದ ದಾಸ್ತಾನು ಇದೆಯೇ ಎಂದು ಮೊದಲ ದಿನವೇ ವಿಚಾರಿಸಿಡಬೇಕು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117.

ಕೆಲವು ಆರ್ಗನೋಫಾಸ್ಫೇಟ್ (ರಂಜಕಯುಕ್ತ ಕೀಟನಾಶಕ) ವಿಷಗಳು ಎರಡು ಮೂರು ವಾರ ಕಳೆದ ಮೇಲೆ ಕಾಲಿನ ನರಗಳನ್ನು ಹಿಡಿಯುತ್ತವೆ. ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ, ಕಾರ್ಮಿಕ ಕಲಬುರಗಿಯ ಬಸ್ಸು ಹತ್ತಿ ಊರು ಸೇರಿರುತ್ತಾನೆ, ಪಾದ ಜುಮ್ಮೆನ್ನುವುದನ್ನೂ ನಡಿಗೆ ತೊಡರುವುದನ್ನೂ ಅಲ್ಲಿನ ವೈದ್ಯರು ವಾತವೆಂದೋ ಸುಸ್ತೆಂದೋ ತಿಳಿಯುತ್ತಾರೆ. ಅದಕ್ಕಾಗಿ ಕೊನೆಯ ದಿನ ಕೂಲಿಯೊಡನೆ ಪ್ರತಿಯೊಬ್ಬರ ಕೈಗೂ ಒಂದು ಕಾರ್ಡು ಕೊಡಬೇಕು: ಒಂದು ಮುಖದಲ್ಲಿ ಕನ್ನಡ, ಇನ್ನೊಂದು ಮುಖದಲ್ಲಿ ಇಂಗ್ಲಿಷು, ಅವರು ಮುಟ್ಟಿದ ರಾಸಾಯನಿಕಗಳ ಹೆಸರು, ದಿನಾಂಕ, ರಕ್ತಪರೀಕ್ಷೆಯ ಎರಡೂ ಅಂಕಿಗಳು, ಗುತ್ತಿಗೆದಾರರ ಫೋನ್ ಸಂಖ್ಯೆ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಅಂಟಿಸಿ ಕೊಡಿ, ಬೆವರಿಗೆ ಅಕ್ಷರ ಅಳಿಸಿಹೋಗುತ್ತದೆ.